ಮೂರನೇ ಸಲ ಕರೆದರೆ ಮಾತ್ರ

ನೀವು ಇದನ್ನು ನಂಬುವುದಿಲ್ಲ. ಪರವಾಗಿಲ್ಲ, ನನ್ನ ಮಾತನ್ನು ನಂಬದೇ ಇರುವುದು ನಮ್ಮ ಕಡೆ ಎಲ್ಲರಿಗೂ ಅಭ್ಯಾಸವಾಗಿದೆ. ಅಮ್ಮ ನಾನು ಹೇಳಿದ್ದನ್ನೆಲ್ಲ ಎರಡರಿಂದ ಭಾಗಿಸುತ್ತಾಳೆ, ಅಪ್ಪ ನಾಲ್ಕರಿಂದ. ಅಜ್ಜಿ ಮಾತ್ರ ಗುಣಿಸುತ್ತಾಳೆ. ನಾನು ಯಾರ ಮೊಮ್ಮಗ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ನಮ್ಮ ಸಾರ್‌ ಮೂಗಿನ ಉದ್ದ, ನನ್ನ ಪ್ರತಿಭೆ, ಇವನ್ನು ಅರ್ಧ ಮಾಡಿಕೊಂಡು ಓದಿ. ಮಂಜನ್ನು ಮಾತ್ರ ಮುಟ್ಟಬೇಡಿ. ಅದು ಇದ್ದಷ್ಟೇ ಇದೆ.

ಒಂಬತ್ತನೇ ಕ್ಲಾಸಿನವರೆಗೆ ನಾನು ಮಡಿಕೇರಿಯ ಒಂದು ಕಾನ್ವೆಂಟಿನಲ್ಲಿದ್ದೆ. ವಾರ್ಷಿಕೋತ್ಸವದ ದಿನ ಮೈಕಿನ ಹತ್ತಿರ ಯಾರೂ ಇರಲಿಲ್ಲ. ಮೈಕ್‌ ಒಂಟಿಯಾಗಿ ನಿಂತದ್ದು ನೋಡಿದರೆ ನನಗೆ ಕರುಳು ಹಿಂಡುತ್ತದೆ. ಹೋಗಿ, ಪ್ರಿನ್ಸಿಪಾಲರ ದನಿಯಲ್ಲಿ, ನಾಳೆಯಿಂದ ಮೂರು ದಿನ ರಜೆ ಎಂದು ಹೇಳಿದೆ. ಮಾರನೇ ದಿನ ಇಡೀ ಶಾಲೆಗೆ ಬಂದ ವಿದ್ಯಾರ್ಥಿ ನಾನೊಬ್ಬನೇ. ರಜೆ ಸುಳ್ಳು ಅಂತ ಗೊತ್ತಿದ್ದವನೂ ನಾನೊಬ್ಬನೇ ತಾನೇ? ಅದರಿಂದಲೇ ಸಿಕ್ಕಿಬಿದ್ದೆ. ಟಿ.ಸಿ. ಕೈಗೆ ಬಂತು. ಅಪ್ಪ ಜೀಪಿನಲ್ಲಿ ಕರೆದುಕೊಂಡು ಬಂದು, ನಮ್ಮ ತೋಟಕ್ಕೆ ಹತ್ತಿರದ ಪೇಟೆಯ ಸರ್ಕಾರಿ ಹೈಸ್ಕೂಲಿಗೆ ಹತ್ತನೇ ಕ್ಲಾಸಿಗೆ ಹಾಕಿದರು. ‘ಅಲ್ಲಿ ಕೂತರೆ ಬುದ್ಧಿ ಬರ್ತದೆ’ ಅಂದರು. ಅಪ್ಪನ ಲೆಕ್ಕದಲ್ಲಿ ಅದು ಶಿಕ್ಷೆ. ಅಲ್ಲಿದ್ದ ಉಳಿದ ಅರವತ್ತೊಂದು ಮಂದಿಗೆ ಅದು ಶಾಲೆ.

ಆ ಅರವತ್ತೊಂದು ಮಂದಿ ಮನೆಯಲ್ಲಿ ಆಡುವ ಭಾಷೆಗಳನ್ನು ನಾನು ಎಣಿಸಿದ್ದೇನೆ. ಕೊಡವ ತಕ್ಕ್, ನಮ್ಮ ಅರೆಭಾಷೆ, ಮಲಯಾಳ, ತಮಿಳು, ತುಳು, ಉರ್ದು, ಮತ್ತೆ ಕಾಡಿನ ಹಾಡಿಗಳಲ್ಲಿರುವ ಆದಿವಾಸಿಗಳ ಮಾತು. ಎಲ್ಲರಿಗೂ ಸೇರಿ ಒಂದು ಕನ್ನಡ. ಅದನ್ನು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಎಳೆದಿದ್ದರು. ಬೈಗುಳದಲ್ಲಿ ಮಾತ್ರ ಸಂಪೂರ್ಣ ಐಕ್ಯತೆ ಇತ್ತು. ಯಾರು ಯಾರಿಗೆ ಯಾವ ಭಾಷೆಯಲ್ಲಿ ಬೈದರೂ ಅರ್ಥವಾಗುತ್ತಿತ್ತು.

ಆದರೆ ಕೂರುವಾಗ ಐಕ್ಯತೆ ಇರಲಿಲ್ಲ. ಕ್ಲಾಸಿನ ಒಳಗೆ ಇಣುಕದೆಯೇ, ವರಾಂಡದಲ್ಲಿ ಬಿಟ್ಟ ಚಪ್ಪಲಿ ನೋಡಿ, ಒಳಗೆ ಯಾರು ಎಲ್ಲಿದ್ದಾರೆ ಅಂತ ಹೇಳಬಹುದಿತ್ತು. ಬಾಗಿಲ ಹತ್ತಿರ ಶೂಗಳು, ಅಂದರೆ ಮುಂದಿನ ಬೆಂಚು. ನಡುವೆ ಸ್ಯಾಂಡಲ್. ಆಮೇಲೆ ಎಸ್ಟೇಟ್ ಕೂಲಿಗಳ ಲೈನ್‌ಮನೆಯಿಂದ ಬರುವವರ ಪ್ಲಾಸ್ಟಿಕ್ ಚಪ್ಪಲಿ. ಎಲ್ಲಕ್ಕಿಂತ ಕೊನೆಗೆ ಒಂದು ಗೋಣಿತಾಟು, ಅದರ ಮೇಲೆ ಎರಡು ಕೆಸರು ಪಾದದ ಗುರುತು. ಚಪ್ಪಲಿ ಇಲ್ಲ. ಆ ಗುರುತು ಅವಳದು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಮ್ಮೆ ಕರೆದ ಹಾಗೆ, ಒಂದೇ ಸಲ ಕರೆದರೆ ಅವಳು ಓ ಅನ್ನುತ್ತಿರಲಿಲ್ಲ. ಕತೆ ಅದೇ.

ಅವಳು ಕಾಡಿನ ಅಂಚಿನ ಹಾಡಿಯಿಂದ, ಮೂರು ಮೈಲಿ ನಡೆದು ಬರುತ್ತಿದ್ದಳು. ಅವಳ ತಾಯಿಗೆ ಎಸ್ಟೇಟಿನಲ್ಲಿ ಕೆಲಸ. ಅವಳ ಅಣ್ಣ ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಕ್ಕ ಎಂಟಕ್ಕೆ. ಇವಳು ಮಾತ್ರ ಯಾರಿಗೂ ಹೇಳದೆ ಕೇಳದೆ ಹತ್ತರವರೆಗೆ ಬಂದುಬಿಟ್ಟಿದ್ದಳು. ಕೂರುತ್ತಿದ್ದದ್ದು ಕೊನೆಯ ಬೆಂಚಿನಲ್ಲಿ, ಗಾಜಿಲ್ಲದ ಕಿಟಕಿಯ ಪಕ್ಕ. ಉಳಿದ ಬೆಂಚುಗಳಲ್ಲಿ ನಾವು ಐದೈದು ಮಂದಿ ಮತ್ತಿ ಮೀನಿನ ಹಾಗೆ ಒತ್ತಿಕೊಂಡಿದ್ದರೆ ಅವಳ ಬೆಂಚಿನಲ್ಲಿ ಅವಳೊಬ್ಬಳೇ. ಅಲ್ಲಿ ಕೂರಬೇಡಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ. ಯಾರೂ ಕೂರುತ್ತಲೂ ಇರಲಿಲ್ಲ.

ಜೂನಿನ ಮೊದಲ ವಾರ. ನಾನು ಕ್ಲಾಸಿಗೆ ಹೊಸಬ, ಆದರೆ ಮೂರು ದಿನದಲ್ಲಿ ಊಟದ ಬೆಲ್ಲಿನ ಹೊತ್ತಿಗೆ ನನ್ನ ಸುತ್ತ ಇಪ್ಪತ್ತು ಮಂದಿ ಸೇರುವಷ್ಟು ಹೆಸರು ಮಾಡಿದ್ದೆ. ಹೆಡ್‌ಮಾಸ್ಟರು ಸೀನುವುದು, ಬಸ್‌ ಕಂಡಕ್ಟರ್‌ ವಿರಾಜಪೇಟೆ ಅನ್ನುವುದು, ನಮ್ಮ ಜೀಪು ಚಳಿಯಲ್ಲಿ ಸ್ಟಾರ್ಟ್‌ ಆಗುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಆ ದಿನ ಹೊರಗೆ ಮಂಜು ಬಿದ್ದಿತ್ತು. ಗಾಜಿಲ್ಲದ ಕಿಟಕಿಯಿಂದ ಅದು ಒಳಗೆ ಬಂದು, ಲೇಟಾಗಿ ಬಂದ ಹುಡುಗನ ಹಾಗೆ ಗೋಡೆ ಹಿಡಿದು ಸರಿಯುತ್ತ ಕೊನೆಯ ಬೆಂಚಿನಲ್ಲಿ ಕೂತಿತು. ಅವಳು ಅದರ ಒಳಗಿಂದ ಎದ್ದು ಬಂದು ನನ್ನ ಮುಂದೆ ನಿಂತಳು.

‘ನನ್ನ ಬೆಂಚಲ್ಲಿ ಯಾಕೆ ಯಾರೂ ಕೂರೂದಿಲ್ಲ?’

ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತೇನೋ. ಹೊಸಬನನ್ನು ಕೇಳಿದರೆ ಬೇರೆ ಉತ್ತರ ಸಿಗಬಹುದು ಅಂದುಕೊಂಡಳೋ ಏನೋ. ನನಗೆ ನಿಜ ಹೇಳಿ ಅಭ್ಯಾಸವಿಲ್ಲ. ಅಜ್ಜಿ ನೆನಪಾದಳು.

ಮಂಜಿನಲ್ಲಿ ಹೊರಗೆ ಹೊರಟರೆ ಅಜ್ಜಿ ಜಗಲಿಯಿಂದಲೇ ಕೂಗಿ ಹೇಳುತ್ತಿದ್ದಳು: ‘ಯಾರ್ ಕರ್ದರೂ ಸುರೂಲಿ ಓ ಹೇಳ್ಬೇಡ ಮಗಾ. ಮೂರ್ ಸಲ ಕರ್ದರೆ ಮಾತ್ರ ಮನ್ಸ.’ ಮನುಷ್ಯರಲ್ಲದ್ದು ಎರಡು ಸಲ ಮಾತ್ರ ಕರೆಯುತ್ತದಂತೆ. ಮೂರನೇ ಸಲ ಕರೆಯಲು ಅದಕ್ಕೆ ಉಸಿರಿಲ್ಲವಂತೆ. ಓ ಅಂದರೆ ನಮ್ಮ ಉಸಿರನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಕಡೆಯ ಅಜ್ಜಿಯರು ಬೇರೆ ಬೇರೆ ದೇವರಿಗೆ ಕೈ ಮುಗಿದರೂ ದೆವ್ವದ ವಿಷಯದಲ್ಲಿ ಒಂದೇ ಪಾರ್ಟಿ. ನನ್ನ ಬೆಂಚಿನ ಜೊತೆಗಾರ ಮೀನಂಗಡಿಯವರ ಮಗ, ಮಾಪಿಳ್ಳೆ ಮುಸ್ಲಿಂ. ಅವನ ಅಜ್ಜಿ, ಅವನು ಉಮ್ಮಾಮ ಅನ್ನುವವಳು, ಅವಳೂ ಇದನ್ನೇ ಹೇಳುತ್ತಿದ್ದಳು.

ನಾನು ಅಜ್ಜಿಯ ಮಾತಿಗೆ ಕೈಕಾಲು ಇಟ್ಟೆ. ‘ನಿನ್ನ ಬೆಂಚಿನ ಕಿಟಕಿ ಉಂಟಲ್ಲ, ಅಲ್ಲಿಗೆ ಒಬ್ಬರು ಹಳೇ ಮೇಷ್ಟ್ರು ಬರ್ತಾರೆ. ಹಾಜರಿ ಕರೀತಾ ಕರೀತಾ, ಮೂವತ್ತೊಂದು ಆಗಿ ಮೂವತ್ತೆರಡು ಕರೆಯೂ ಮೊದಲು ಪ್ರಾಣ ಹೋದದ್ದು. ಹಾಜರಿ ಮುಗಿಸದ ಮೇಷ್ಟ್ರಿಗೆ ಮುಕ್ತಿ ಇಲ್ಲ. ಮಂಜು ಬಿದ್ದ ದಿನ ಬಂದು ಕರೀತಾರೆ. ಓ ಅಂದವರ ಹೆಸರು ಅವರ ರಿಜಿಸ್ಟರಿಗೆ. ಮೂರು ಸಲ ಕರೆದ್ರೆ ಮಾತ್ರ ಮನುಷ್ಯರು, ಆಗ ಓ ಅನ್ಬಹುದು.’ ಹೀಗೆ ಹೇಳಿ ಆ ಮೇಷ್ಟ್ರ ದನಿಯನ್ನೂ ಮಾಡಿ ತೋರಿಸಿದೆ. ಗಂಟಲಿನ ತಳದಿಂದ, ಬಾವಿಯೊಳಗೆ ಬಿಂದಿಗೆ ತಾಗಿದ ಹಾಗೆ. ಹುಡುಗಿಯರು ಕಿರುಚಿದರು. ಮೀನಂಗಡಿಯವನು, ‘ಎಂತ ಮಾರಾಯ, ನನ್ನ ಮೈಯೆಲ್ಲ ಮುಳ್ಳು’ ಅಂತ ತೋಳು ತೋರಿಸಿದ. ಉಬ್ಬಿಹೋಗಿ ಬಿಟ್ಟಿಯಾಗಿ ಇನ್ನೂ ಸ್ವಲ್ಪ ಸೇರಿಸಿದೆ. ‘ಆ ಬೆಂಚಲ್ಲಿ ಕೂತವರ ಗುರುತು ಅವರಿಗೆ ಸಿಕ್ಕಿದ ಮೇಲೆ ಮಂಜಲ್ಲಿ ಎಲ್ಲಿ ಬೇಕಾದ್ರೂ ಕರೀತಾರೆ. ಯಾರ ದನೀಲಿ ಬೇಕಾದ್ರೂ. ಬೇಕಾದ್ರೆ ನಿನ್ನ ಅಮ್ಮನ ದನೀಲೂ.’

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

‘ಮೂರು ಸಲ ಅಂದ್ರೆ ಮೂರು ಸಲವಾ?’

‘ಮೂರು.’

‘ಸರಿ’ ಅಂದು ಹೋಗಿ ತನ್ನ ಮಂಜಿನೊಳಗೆ ಕೂತಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಈಗ ಯೋಚಿಸಿದರೆ ಅದು ಸಮಾಧಾನ. ಯಾರೂ ಪಕ್ಕದಲ್ಲಿ ಕೂರದಿರುವುದಕ್ಕೆ ದೆವ್ವ ಕಾರಣ ಅಂದರೆ ಅದು ಎಷ್ಟೋ ಮರ್ಯಾದೆಯ ಕಾರಣ. ಮೇಲಾಗಿ, ಆ ವರ್ಷ ಶಾಲೆ ಶುರುವಾದ ಮೇಲೆ ಕ್ಲಾಸಿನಲ್ಲಿ ಯಾರಾದರೂ ಅವಳ ಜೊತೆ ಮೂರು ವಾಕ್ಯಕ್ಕಿಂತ ಹೆಚ್ಚು ಮಾತಾಡಿದ್ದು ಅದೇ ಮೊದಲು. ಅಂಥ ಮಾತನ್ನು ಪಾಲಿಸದೆ ಇರುತ್ತಾಳಾ?

ಅದೇ ತಿಂಗಳ ಕೊನೆಗೆ ಹೊಸ ಕ್ಲಾಸ್‌ ಟೀಚರ್ ಬಂದರು. ಬಯಲುಸೀಮೆಯಿಂದ, ಉತ್ತರದಿಂದ, ವರ್ಗವಾಗಿ. ಎರಡು ಸ್ವೆಟರ್, ಮಂಕಿ ಕ್ಯಾಪು, ಅದರ ನಡುವೆ ಒಂದು ಮೂಗು. ಮೂಗು ಮೊದಲು ಕ್ಲಾಸಿಗೆ ಬಂದು, ಬೆಲ್ ಹೊಡೆದು, ಆಮೇಲೆ ಸಾರ್ ಬರುತ್ತಿದ್ದರು. (ಅರ್ಧ ಮಾಡಿಕೊಳ್ಳಿ.) ಹಳೇ ಮೇಡಂ ಹಾಜರಿಗೆ ನಂಬರ್ ಕರೆಯುತ್ತಿದ್ದರು. ಇವರು, ‘ನಂಬರ್ ಜೇಲಿನಾಗ ಕರೀತಾರ. ನಾ ಹೆಸರು ಹಿಡದ ಕರ್ಯಾಂವ’ ಅಂದರು. ಒಳ್ಳೆಯ ಮನುಷ್ಯ, ಏನು ಮಾಡುವುದು. ತಲೆ ರಿಜಿಸ್ಟರಿನಲ್ಲಿ ಇಟ್ಟು, ಒಂದು ಹೆಸರು, ಒಂದೇ ಸಲ. ‘ಪ್ರೆಸೆಂಟ್ ಸಾರ್’ ಕೇಳಿದರೆ ಟಿಕ್ಕು, ಇಲ್ಲದಿದ್ದರೆ ಕೆಂಪು ಶಾಯಿಯಲ್ಲಿ ‘ಗೈ’. ಮುಂದೆ.

ಬಿಸಿಲಿನ ದಿನ ಅವಳು ಮೊದಲ ಕರೆಗೇ ಪ್ರೆಸೆಂಟ್ ಅನ್ನುತ್ತಿದ್ದಳು. ಮಂಜಿನ ದಿನ ಎರಡನೆಯದಕ್ಕೂ ಮೂರನೆಯದಕ್ಕೂ ಕಾಯುತ್ತಿದ್ದಳು. ಅವು ಬರುತ್ತಿರಲಿಲ್ಲ. ನಮ್ಮಲ್ಲಿ ಜೂನಿನಿಂದ ಬಿಸಿಲಿನ ದಿನ ಎಷ್ಟಿರುತ್ತವೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ, ಉಳಿದವರು ನಂಬುವುದಿಲ್ಲ.

ನಾನು ಅದನ್ನು ಗಮನಿಸಿದ್ದು ಎರಡನೇ ವಾರದಲ್ಲೇ. ಮೀನಂಗಡಿಯವನನ್ನು ಮೊಣಕೈಯಿಂದ ತಿವಿದು, ‘ನೋಡು, ಈಗ ಸುಮ್ಮನಿರ್ತಾಳೆ’ ಅನ್ನುತ್ತಿದ್ದೆ. ಅವಳು ಸುಮ್ಮನಿರುತ್ತಿದ್ದಳು. ನಾವು ಡೆಸ್ಕಿನ ಕೆಳಗೆ ತಲೆ ಹಾಕಿ ನಗುತ್ತಿದ್ದೆವು. ಒಂದೇ ಒಂದು ಸುಳ್ಳು ಅಷ್ಟು ದಿನ ಓಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಈಗ ಹೇಳುವುದನ್ನು ನಾನು ಬೇರೆ ಬೇರೆ ಕಡೆ ಬೇರೆ ಬೇರೆ ತರಹ ಹೇಳಿದ್ದೇನೆ. ಒಮ್ಮೆ ಅದರಲ್ಲಿ ತಲೆಯಿಲ್ಲದ ಕುದುರೆಯೂ ಇತ್ತು. ಇಲ್ಲಿ ಇರುವುದು ಹಿಗ್ಗಿಸದ್ದು.

ಆಗಸ್ಟಿನಲ್ಲಿ ಒಂದು ದಿನ ಮೂರನೇ ಪೀರಿಯಡ್ಡು, ಆಟದ ಪೀರಿಯಡ್ಡು. ಮಳೆಯಾದ್ದರಿಂದ ಎಲ್ಲರನ್ನೂ ಆಚೆ ಕಟ್ಟಡದ ಹಾಲಿಗೆ ಕರೆದುಕೊಂಡು ಹೋಗಿದ್ದರು. ನಾನು ತಪ್ಪಿಸಿಕೊಂಡು ಕ್ಲಾಸಿಗೆ ಬಂದೆ. ಡಬ್ಬಿಯಲ್ಲಿ ಕಡುಬು ಮತ್ತು ಕೋಳಿಸಾರು ಇತ್ತು, ಊಟದ ಬೆಲ್ಲಿನವರೆಗೆ ಅದನ್ನು ಒಂಟಿಯಾಗಿ ಬಿಡುವುದು ತಪ್ಪು. ಒಳಗೆ ಮಂಜು ಎಷ್ಟಿತ್ತೆಂದರೆ ಬೋರ್ಡು ಕಾಣುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಅವಳು, ತಾನೂ ಹಾಲಿಗೆ ಹೋಗದೆ, ನಕ್ಷೆ ಬರೆಯುತ್ತಿದ್ದಳು. ಪುಸ್ತಕದಲ್ಲಿ ಇರುವ ನಕ್ಷೆ ಅಲ್ಲ. ಹಾಡಿಯಿಂದ ಶಾಲೆಗೆ ಬರುವ ದಾರಿ, ಆನೆ ದಾಟುವ ಜಾಗಗಳಿಗೆ ಸೊನ್ನೆ ಹಾಕಿ.

‘ಇದೆಲ್ಲ ಯಾಕೆ?’ ಅಂದೆ, ಕಡುಬು ಬಾಯಲ್ಲಿಟ್ಟುಕೊಂಡೇ.

‘ಫಾರೆಸ್ಟ್ ಗಾರ್ಡ್ ಆಗ್ಬೇಕು.’

‘ನೀನಾ? ಅವರೇ ನಿಮ್ಮನ್ನು ಓಡಿಸೂದು ಅಲ್ವಾ?’

‘ಅದಕ್ಕೇ’ ಅಂದಳು. ‘ಹತ್ತು ಪಾಸಾಗ್ಬೇಕು. ಮತ್ತೆ ಪಿಯೂಸಿ.’

ಆಗ ವರಾಂಡದಿಂದ ನನ್ನ ಹೆಸರು ಕರೆದದ್ದು ಕೇಳಿತು.

ಒಂದು ಸಲ. ಜೋರಾಗಿ ಅಲ್ಲ. ಗಂಟಲಿನ ತಳದಿಂದ, ಬಾವಿಯೊಳಗೆ ಬಿಂದಿಗೆ ತಾಗಿದ ಹಾಗೆ. ಜೂನಿನಲ್ಲಿ ನಾನೇ ಮಾಡಿದ ದನಿ. ಅದನ್ನು ನಾನು ಎಲ್ಲಿಂದಲೂ ಕದ್ದಿರಲಿಲ್ಲ, ಅದು ಇನ್ನೊಬ್ಬರ ಹತ್ತಿರ ಇರಲು ಸಾಧ್ಯವಿರಲಿಲ್ಲ. ಅಭ್ಯಾಸಬಲದಿಂದ ‘ಓ’ ಎನ್ನಲು ಬಾಯಿ ತೆರೆದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಆ ಬೆರಳನ್ನು ಮೇಲೆತ್ತಿ ತೋರಿಸಿದಳು. ಒಂದು.

ಕಾದೆವು. ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಮತ್ತೆ ಕರೆಯಿತು. ಈ ಸಲ ಬಾಗಿಲಿಗೆ ಹತ್ತಿರ. ಅವಳು ಎರಡು ಬೆರಳು ತೋರಿಸಿದಳು. ನಾನು ಡಬ್ಬಿಯ ಮುಚ್ಚಳ ಹಾಕಿದೆ, ಕಡುಬು ಇನ್ನೂ ಉಳಿದಿದ್ದರೂ.

ಮೂರನೆಯದಕ್ಕೆ ಕಾದೆವು. ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಾನು ಬಾಗಿಲಿಗೆ ಹೋಗಿ ನೋಡಿದೆ. ವರಾಂಡದ ಸಿಮೆಂಟು ಒದ್ದೆಯಾಗಿತ್ತು. ಅದರ ಮೇಲೆ ನಾನು ಬರುವಾಗ ಮೂಡಿದ್ದ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ಮೀನಂಗಡಿಯವನು ತನ್ನ ಉಮ್ಮಾಮನ ಮೇಲೆ ಆಣೆ ಹಾಕಿದ, ತಾನು ಹಾಲಿನಲ್ಲೇ ಇದ್ದೆ ಅಂತ. ಇದ್ದದ್ದು ಹೌದು, ಅವನು ಆ ದಿನ ಕೇರಂ ಗೆದ್ದದ್ದನ್ನು ಇಪ್ಪತ್ತು ಮಂದಿ ನೋಡಿದ್ದರು.

ಆವತ್ತಿನಿಂದ ಅವಳು ಹಾಜರಿಗೆ ಸುಮ್ಮನಿದ್ದಾಗ ನನಗೆ ನಗು ಬರಲಿಲ್ಲ. ಅದೆಲ್ಲ ಸುಳ್ಳು, ನಾನೇ ಕಟ್ಟಿದ್ದು ಅಂತ ಅವಳಿಗೆ ಹೇಳಬೇಕು ಅಂದುಕೊಂಡೆ. ಆದರೆ ಸುಳ್ಳು ಅಂತ ನನಗೇ ಖಚಿತವಿರಲಿಲ್ಲ. ಹೀಗೆ ಯೋಚಿಸುತ್ತ ಯೋಚಿಸುತ್ತ ಜನವರಿ ಬಂತು. ಯೋಚನೆ ಮಾಡುವುದರಲ್ಲಿ ನಾನು ಅಷ್ಟು ನಿಧಾನ ಅಂತ ನನಗೆ ಗೊತ್ತೇ ಇರಲಿಲ್ಲ.

ಜನವರಿಯಲ್ಲಿ ಸಾರ್ ಒಂದು ಕಾಗದ ಹಿಡಿದು ಬಂದರು. ಮುಕ್ಕಾಲು ಭಾಗ ಹಾಜರಿ ಇಲ್ಲದವರಿಗೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಆ ಪಟ್ಟಿಯಲ್ಲಿ ನಮ್ಮ ಕ್ಲಾಸಿನಿಂದ ಒಂದೇ ಹೆಸರು.

‘ಏನವಾ, ಬಿಸಿಲು ಬಿದ್ದ ದಿನ ಬರ್ತಿ, ಮಂಜು ಬಿದ್ದ ದಿನ ಬರೂದಿಲ್ಲ. ನೀ ಏನ್ ಹಪ್ಪಳ ಏನು, ಬಿಸಿಲಿಗೆ ಹಾಕಾಕ?’

ಕ್ಲಾಸು ನಕ್ಕಿತು. ಅವಳು ಎದ್ದು ನಿಂತಳು. ‘ನಾನು ದಿನಾ ಬಂದಿದ್ದೇನೆ ಸಾರ್.’

‘ಬಂದಿದ್ರ ಪ್ರೆಸೆಂಟ್ ಯಾಕ ಅನ್ನಲಿಲ್ಲ?’

ಅವಳು ನನ್ನ ಕಡೆ ನೋಡಿದಳು. ಒಂದು ಕ್ಷಣ. ಆಮೇಲೆ ನೆಲ ನೋಡಿದಳು. ಸಾರ್ ನಮಗೆ ವಾರಕ್ಕೆ ಐದು ದಿನ ಗಣಿತ ಮಾಡಿದವರು. ಆದರೆ ಅವರಿಗೆ ಕೊನೆಯ ಸಾಲಿನ ಹುಡುಗಿಯರೆಲ್ಲ ಒಂದೇ ಮುಖ. ಹಾಡಿಯಿಂದ ಬರುವವರು ಹೀಗೇ ಅಂತ ಸ್ಟಾಫ್ ರೂಮಿನಲ್ಲಿ ಯಾರೋ ಮೊದಲೇ ಹೇಳಿಟ್ಟಿದ್ದರು. ‘ಇನ್ನ ಮ್ಯಾಲೆ ಒಂದು ದಿನಾನೂ ತಪ್ಪಬಾರದು. ಈ ತಿಂಗಳು ಪೂರ್ತಿ ಬಂದ್ರ ಹೆಡ್‌ಮಾಸ್ತರಗ ಹೇಳಿ ನೋಡ್ತೀನಿ’ ಅಂದರು.

ಮಂಜು ಮಾತ್ರ ತಪ್ಪಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವಳ ಹೆಸರು ಕರೆದರು. ಅವಳು ಸುಮ್ಮನೆ. ಆಗಸ್ಟಿನಲ್ಲಿ ಅವಳು ಎತ್ತಿದ ಎರಡು ಬೆರಳು ನನಗೆ ನೆನಪಾಯಿತು. ಆ ಬೆರಳು ಇನ್ನೂ ಇಳಿದಿರಲಿಲ್ಲ. ಕೆಂಪು ಪೆನ್ನು ಕಾಗದಕ್ಕೆ ತಾಗುವ ಮೊದಲು ನಾನು ಸಮಾಜ ಪುಸ್ತಕದ ಹಿಂದೆ ಮುಖ ಹುದುಗಿಸಿ ಅವಳ ದನಿಯಲ್ಲಿ ‘ಪ್ರೆಸೆಂಟ್ ಸಾರ್’ ಅಂದೆ. ಟಿಕ್ಕು ಬಿತ್ತು. ಹೇಳಬಾರದು, ಅದ್ಭುತವಾಗಿತ್ತು. ಕೊನೆಗೆ ದನಿ ಸ್ವಲ್ಪ ಮೇಲೆ ಹೋಗುವುದು, ‘ಸಾರ್’ನ ‘ರ್’ ನುಂಗುವುದು, ಎಲ್ಲ ಸರಿಯಾಗಿ. ಅವಳು ಬೆಚ್ಚಿ ಕಿಟಕಿಯ ಕಡೆ ನೋಡಿದಳು. ನಮ್ಮದೇ ದನಿ ಬೇರೆ ಕಡೆಯಿಂದ ಕೇಳಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ಹಾಗೇ ಮಾಡಿದೆ.

ಐದನೆಯ ದಿನ ಸಾರ್ ಕರೆದರು, ನಾನು ಪ್ರೆಸೆಂಟ್ ಅಂದೆ. ಸಾರ್ ಟಿಕ್ ಹಾಕಿ, ಯಾಕೋ ಏನೋ, ವರ್ಷದಲ್ಲಿ ಮೊದಲ ಸಲ ಹಾಜರಿಯ ನಡುವೆ ತಲೆ ಎತ್ತಿ ಕೊನೆಯ ಬೆಂಚನ್ನು ನೋಡಿದರು.

ಬೆಂಚು ಖಾಲಿ. ಮಂಜು ಕೂತಿತ್ತು.

ಸಾರ್ ಮತ್ತೊಮ್ಮೆ ಅವಳ ಹೆಸರು ಕರೆದರು, ಈ ಸಲ ಮೆಲ್ಲಗೆ. ನಾನು ಸಮಾಜ ಪುಸ್ತಕವನ್ನು ಡೆಸ್ಕಿನ ಕೆಳಗೆ ತಳ್ಳಿದೆ. ಅವರ ಕೈಯಿಂದ ಪೆನ್ನು ಬಿದ್ದು ರಿಜಿಸ್ಟರಿನ ಮೇಲೆ ಉರುಳಿತು. ಮಂಕಿ ಕ್ಯಾಪಿನ ಒಳಗೆ ಮೂಗು ಬಿಳಿಯಾಗುತ್ತಾ ಹೋದದ್ದನ್ನು ನಾನು ನೋಡಿದೆ. ‘ಯಾರದು? ಯಾರಲೇ ಅಂದದ್ದು?’ ಅಂದರು. ಮುಂದಿನ ಬೆಂಚಿನ ಹುಡುಗಿ ಅಳಲು ಶುರುಮಾಡಿದಳು. ಅರವತ್ತೊಂದು ಮಂದಿಗೂ ನನ್ನ ಹಳೇ ಮೇಷ್ಟ್ರು ನೆನಪಾಗಿದ್ದರು, ಮತ್ತೆ ಆ ಅರವತ್ತೊಂದರಲ್ಲಿ ನಿಜವಾಗಿ ಎಲ್ಲರಿಗಿಂತ ಹೆದರಿದ್ದವನು ನಾನು.

ಅವಳು ಆ ದಿನ ಬಂದಿರಲಿಲ್ಲ, ಅಷ್ಟೇ. ದಾರಿಯಲ್ಲಿ ಆನೆ ನಿಂತಿತ್ತು. ಮಧ್ಯಾಹ್ನ ಬಂದಳು, ಲಂಗದಲ್ಲೆಲ್ಲ ಉಣ್ಣಿಮುಳ್ಳು ಅಂಟಿಸಿಕೊಂಡು.

ಸಾರ್‌ ಹೆದರಿಕೆ ಊಟದ ಹೊತ್ತಿಗೆ ಸಿಟ್ಟಾಗಿತ್ತು. ಗೆಳತಿಯರ ಕೈಲಿ ಸುಳ್ಳು ಹಾಜರಿ ಹೇಳಿಸುತ್ತಾಳೆ ಅಂತ ಅವಳ ಮೇಲೆ ಹರಿಹಾಯ್ದರು. ಅವಳಿಗೆ ಗೆಳತಿಯರೇ ಇರಲಿಲ್ಲ ಅನ್ನುವುದು ಅವರಿಗೆ ಹೊಳೆಯಲಿಲ್ಲ. ನಾನು ಹಾಕಿಸಿದ ಟಿಕ್ಕುಗಳನ್ನೆಲ್ಲ ಹೊಡೆದು ಹಾಕಿದರು. ‘ನಾಳೆ ನಿಮ್ಮವ್ವನ್ನ ಕರ್ಕೊಂಡು ಬಾ. ನಾಳೆ ಪಟ್ಟಿ ಹೋಗ್ತದ. ಇನ್ನ ನನ್ನ ಕೈಯಾಗ ಇಲ್ಲ.’

ಅಂದರೆ ಅವಳ ಹತ್ತನೇ ಕ್ಲಾಸು ಮುಗಿಯಿತು. ಗಾರ್ಡೂ ಇಲ್ಲ, ನಕ್ಷೆಯೂ ಇಲ್ಲ. ಅವಳ ಹೆಸರಿಗೆ ಅಡ್ಡಗೆರೆ ಎಳೆದ ಪೆನ್ನು ಸಾರ್‌ದು, ಕೈ ನನ್ನದು.

ಅಂದು ಸಂಜೆ ಬೆಲ್ಲಾದ ಮೇಲೆ ಸ್ಟಾಫ್ ರೂಮಿಗೆ ಹೋದೆ. ಎಲ್ಲ ಹೇಳಿದೆ. ಅಜ್ಜಿ, ಮೇಷ್ಟ್ರು, ಮೂರು ಕರೆ, ಪುಸ್ತಕದ ಹಿಂದಿನ ದನಿ, ಎಲ್ಲ. ಜೀವನದಲ್ಲಿ ಮೊದಲ ಸಲ ಒಂದು ಅಕ್ಷರವನ್ನೂ ಹಿಗ್ಗಿಸಲಿಲ್ಲ. ಸಾರ್ ಚಹಾ ಕುಡಿಯುತ್ತ ಪೂರ್ತಿ ಕೇಳಿದರು. ಆಮೇಲೆ ಪಕ್ಕದ ಹಿಂದಿ ಮೇಡಂ ಕಡೆ ತಿರುಗಿ ನಕ್ಕರು.

‘ಮೊನ್ನೆ ಈ ಮಗನ ತೋಟದಾಗ ಆನಿ ಬಂದು ಜೀಪ್ ಸ್ಟಾರ್ಟ್ ಮಾಡಿತ್ತಂತ್ರಿ. ಇವತ್ತ ದೆವ್ವ ಹಾಜರಿ ತಗೋತದಂತ.’ ನನ್ನ ಬೆನ್ನು ತಟ್ಟಿದರು. ‘ಆ ಹುಡುಗಿ ಸಲುವಾಗಿ ಇಷ್ಟು ಚಂದ ಕತಿ ಕಟ್ಟಿದಿ, ಮನಸು ಚೊಲೋ ಐತಿ. ಆದ್ರ ಯಾರು ನಂಬ್ತಾರಲೇ?’

ದನಿ ಮಾಡಿ ತೋರಿಸುತ್ತೇನೆ ಸಾರ್, ಅಂದೆ. ಬಾಯಿ ತೆರೆದೆ. ಬರಲಿಲ್ಲ. ಗಂಟಲಿನಿಂದ ನನ್ನದೇ ದನಿ, ಅದೂ ಒಡಕಲು, ಬಂತು. ಹಿಂದಿ ಮೇಡಂ ನೀರು ಕೊಟ್ಟರು.

ಮಾರನೇ ದಿನ ಮಂಜು ಹೇಗಿತ್ತೆಂದರೆ ನಾನು ಗೇಟಿನಿಂದ ಕ್ಲಾಸಿಗೆ ಬಂದದ್ದು ಗೋಡೆ ಸವರಿಕೊಂಡು. ಸಾರ್ ಬಂದರು, ಪಟ್ಟಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಡಸ್ಟರ್ ಇಟ್ಟರು. ಹಾಜರಿಯಾಯಿತು. ಅವಳು ಬೆಂಚಿನಲ್ಲಿದ್ದಳು, ಕೂದಲಿಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡು. ಅವಳ ಹೆಸರು ಕರೆದಾಗ ಅವಳೂ ಏನೂ ಅನ್ನಲಿಲ್ಲ, ನಾನೂ ಏನೂ ಅನ್ನಲಿಲ್ಲ. ಸಾರ್ ಲೆಕ್ಕ ಶುರು ಮಾಡಿದರು.

ಅರ್ಧ ಲೆಕ್ಕದಲ್ಲಿ ಸೀಮೆಸುಣ್ಣ ನಿಂತಿತು. ಬಾಗಿಲಲ್ಲಿ ಏನೋ ಇತ್ತು.

ತಲೆಯ ಭಾಗ ದೊಡ್ಡದಾಗಿ, ಹೊಟ್ಟೆಯ ಹತ್ತಿರ ಜೋತುಬಿದ್ದ ಚೀಲದ ಹಾಗೆ. ಕೈಯೆಲ್ಲಿ, ಕಾಲೆಲ್ಲಿ ತಿಳಿಯುತ್ತಿರಲಿಲ್ಲ. ಮಂಜು ಅದರ ಹಿಂದಿನಿಂದ ಅದರ ಜೊತೆಗೇ ಒಳಗೆ ಬಂತು. ಮೀನಂಗಡಿಯವನು ನನ್ನ ತೊಡೆ ಹಿಡಿದು ಚಿವುಟಿದ. ಆ ಗುರುತು ಹತ್ತು ದಿನ ಇತ್ತು. ಅದು ನಿಂತಲ್ಲಿಂದಲೇ ಅವಳ ಹೆಸರು ಕರೆಯಿತು.

ಅವಳು ಡೆಸ್ಕನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಮತ್ತೆ ಕರೆಯಿತು.

ಸಾರ್ ಕೊನೆಯ ಬೆಂಚಿನ ಕಡೆ ನೋಡಿದರು. ‘ಏ ಹುಡುಗಿ... ನಿನ್ನ ಕರ್ಯಾಕತ್ತಾರ...’

ಅವಳ ತುಟಿ ಎಣಿಸುತ್ತಿತ್ತು. ನಾನು ನೋಡಿದೆ.

ಮೂರನೇ ಸಲ ಕರೆದಾಗ ದನಿ ಒಡೆಯಿತು. ‘ಓ ಅಮ್ಮಾ’ ಅಂತ ಅವಳು ಎದ್ದುಬಿಟ್ಟಳು.

ಬಾಗಿಲಲ್ಲಿದ್ದದ್ದು ಒಳಗೆ ಒಂದು ಹೆಜ್ಜೆ ಇಟ್ಟಿತು. ತಲೆಗೆ ಸುತ್ತಿದ ಟವಲು, ಸೀರೆಯ ಮೇಲೆ ಗಂಡಸಿನ ಹಳೇ ಶರ್ಟು, ಸೊಂಟಕ್ಕೆ ಕಾಫಿ ಕುಯ್ಯುವ ಚೀಲ. ತೋಟದಿಂದ ನೇರ ಬಂದಿದ್ದಳು. ಕ್ಲಾಸಿನ ಒಳಗೆ ಬರುವ ಮೊದಲು ಗೋಣಿತಾಟಿನಲ್ಲಿ ಕಾಲು ಒರೆಸಿದ್ದಳು.

‘ಪಿಕ್ಕಿಂಗ್ ಬಿಟ್ಟು ಬಂದದ್ದು ಸಾರೇ. ಬೇಗ ಹೇಳಿ. ಎಂತ ತಪ್ಪು ಮಾಡಿದ್ದಾಳೆ ಇವಳು?’

‘ಮೊದಲ...’ ಸಾರ್ ಮಂಕಿ ಕ್ಯಾಪ್ ತೆಗೆದರು. ‘ಮೊದಲ ನೀವು ಹೇಳ್ರಿ. ನೀವು ಕರದ್ರ ಯಾಕ ಓ ಅನ್ನಲಿಲ್ಲ ಆಕಿ? ಎರಡು ಸಲ ಕರದ್ರಿ.’

‘ಮನೇಲೂ ಹಿಂಗೇ ಸಾರೇ. ಜೂನಿಂದ. ಮಂಜು ಬಿದ್ರೆ ಮೂರು ಸಲ ಕರೀಬೇಕು. ಇಸ್ಕೂಲಲ್ಲಿ ಹೇಳಿಕೊಟ್ಟದ್ದಂತೆ.’

‘ನಿಮ್ಮ ಹಾಡಿ ಕಡೆ ಅಂಥ ನಂಬಿಕಿ ಐತೇನು?’

ಅವಳ ತಾಯಿ ಸಾರ್‌ ಮುಖವನ್ನು, ಇದ್ಯಾವ ಪ್ರಶ್ನೆ ಅನ್ನುವ ಹಾಗೆ ನೋಡಿದಳು.

‘ನಮ್ಮಲ್ಲಿ ಎಲ್ಲಿ ಸಾರೇ? ಕಾಡಲ್ಲಿ ಇರೂದು ನಾವು. ಆನೆ ಓಡಾಡ್ತದೆ. ಕರೆದ ಕೂಡ್ಲೇ ಓ ಅನ್ಬೇಕು. ಓ ಅನ್ನದಿದ್ರೆ ಬದುಕಿದ್ದಾಳೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗೂದು? ದಿನಾ ಬೆಳಿಗ್ಗೆ ದಾರೀಲಿ ಒಂದು ಸಲ ಕರೀತೇನೆ, ಇಲ್ಲ. ಎರಡು ಸಲ ಕರೀತೇನೆ, ಇಲ್ಲ. ಮೂರನೇ ಸಲ ಕರೆಯೂಕೆ ನನ್ನ ಗಂಟಲೇ ಬರೂದಿಲ್ಲ ಸಾರೇ.’ ಟವಲಿನ ತುದಿಯಿಂದ ಬಾಯಿ ಒರೆಸಿಕೊಂಡಳು. ‘ಆದ್ರೂ ಇಸ್ಕೂಲಲ್ಲಿ ಹೇಳಿದ್ದು ಅಂದ್ರೆ ಸರಿಯೇ ಇರ್ತದೆ ಅಂತ ನಾನು ಬೈಲಿಲ್ಲ.’

ಸಾರ್ ರಿಜಿಸ್ಟರ್ ತೆರೆದು, ಜೂನಿನಿಂದ ಒಂದೊಂದು ಪುಟ ತಿರುಗಿಸಿದರು. ಕೆಂಪು ‘ಗೈ’ಗಳು ನನ್ನ ಬೆಂಚಿನವರೆಗೂ ಕಾಣುತ್ತಿದ್ದವು. ಅವರಿಗೆ ಅರ್ಥವಾಗುತ್ತಾ ಹೋದದ್ದು ಮೂಗಿನಿಂದ ಶುರುವಾಗಿ ಕಿವಿಯವರೆಗೆ ಕಂಡಿತು. ಡಸ್ಟರ್ ಎತ್ತಿದರು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಹರಿದು, ಸ್ವೆಟರಿನ ಜೇಬಿಗೆ ಹಾಕಿದರು. ‘ಹೆಡ್‌ಮಾಸ್ತರಗ ನಾನೇ ಹೇಳ್ತೀನವಾ’ ಅಂದರು ಅವಳ ತಾಯಿಗೆ. ‘ನಿಮ್ಮ ಮಗಳು ಒಂದು ದಿನ ಬಿಟ್ಟು ಎಲ್ಲಾ ದಿನ ಬಂದಾಳ. ಕಣ್ಣಿಲ್ಲದಾಂವ ನಾ.’

‘ಹಾಗಾದ್ರೆ ಹೇಳಿಕೊಟ್ಟದ್ದು ಯಾರು ಸಾರೇ? ನೀವಲ್ವಾ?’

ಸಾರ್ ರಿಜಿಸ್ಟರ್ ನೋಡಲಿಲ್ಲ. ಹಿಂದಿನ ಸಂಜೆ ತಾವು ನಂಬದ ಕತೆ ಅವರಿಗೆ ಪೂರ್ತಿ ಬಾಯಿಪಾಠವಿತ್ತು. ಸೀದಾ ನನ್ನ ಹೆಸರು ಕರೆದರು.

ನೂರು ದನಿ ಇದ್ದ ಗಂಟಲಿನಲ್ಲಿ ಒಂದೂ ಇರಲಿಲ್ಲ. ಮೀನಂಗಡಿಯವನು ನನ್ನಿಂದ ಒಂದು ಗೇಣು ದೂರ ಸರಿದ. ಆ ಬೆಂಚಿನಲ್ಲಿ ಸರಿಯಲು ಜಾಗ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ಎರಡನೇ ಸಲ ಕರೆದರು. ಅವಳ ತಾಯಿ ನನ್ನ ಕಡೆ ತಿರುಗಿದಳು. ಅವಳ ಬೆರಳುಗಳು ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾಗಿದ್ದವು. ಅವಳು ಬೈದರೆ ಚೆನ್ನಾಗಿತ್ತು. ಸುಮ್ಮನೆ ಕಾಯುತ್ತಿದ್ದಳು, ಏಳು ತಿಂಗಳು ಕಾದು ಅಭ್ಯಾಸವಾದವಳ ಹಾಗೆ.

ಮೂರನೇ ಸಲ ಕರೆದದ್ದು ಸಾರ್ ಅಲ್ಲ. ಕೊನೆಯ ಬೆಂಚಿನಿಂದ, ಮಂಜಿನ ಒಳಗಿಂದ, ಅವಳು. ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

‘ಓ’ ಅಂದೆ.